ನಾನು ಸವರಿದ ಅಂಚು, ನೀವು ಅಳಿಸಿದ ಹೆಸರು

ಮಾನ್ಯ ಚುನಾವಣಾಧಿಕಾರಿಗಳೇ,

ನನ್ನ ಚಿಕ್ಕಮ್ಮನ ಹೆಸರನ್ನು ನೀವು ಮತಪತ್ರದಿಂದ ತೆಗೆದುಹಾಕಿದ್ದೀರಿ. ಕಾರಣ, ಅರ್ಧ ಬೆರಳಗಲದ ಕಾಗದ. ಅದನ್ನು ಕತ್ತರಿಸಿದವಳು ನಾನು. ಹಾಗಾಗಿ ಈ ಪತ್ರವನ್ನೂ ನಾನೇ ಬರೆಯಬೇಕಾಗಿದೆ. ಐದನೇ ತರಗತಿಗೆ ಶಾಲೆ ಬಿಟ್ಟವಳು, ನಾಲ್ಕು ಜನರ ಎದುರು ಬಾಯಿ ಬಿಡಲು ಹೆದರುವವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಅರ್ಜಿಯ ವಿಷಯದಲ್ಲಿ ನೀವು ಹಾಗೆ ಮಾಡಲಿಲ್ಲ ಎಂಬುದು ಬೇರೆ ಮಾತು.

ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಬೀದಿ ಬೀದಿಯ ನೀರಿನ ವಾಲ್ವ್ ತಿರುಗಿಸಿದವಳು. ನಿವೃತ್ತಿಯಾದ ಮೇಲೆ ನಗರಸಭೆಗೆ ನಿಲ್ಲುತ್ತೇನೆ ಎಂದಳು. ನಿಮ್ಮ ಕಾನೂನು ಏನು ಹೇಳುತ್ತದೆ? ಪಕ್ಷದವರಿಗೆ ಹತ್ತು ಸಹಿ ಸಾಕು. ಪಕ್ಷವಿಲ್ಲದವರಿಗೆ ಸಾವಿರದ ಇನ್ನೂರು ಬೇಕು. ಹತ್ತು ಜನ ನಂಬಿದವರು ಗಣ್ಯರು, ಸಾವಿರ ಜನ ನಂಬಿದವರ ಮೇಲೆ ಅನುಮಾನ! ಈ ಲೆಕ್ಕ ನನಗೆ ಶಾಲೆಯಲ್ಲಿ ಹೇಳಿಕೊಡಲಿಲ್ಲ. ಆರನೇ ತರಗತಿಯಲ್ಲಿ ಬರುತ್ತದೇನೋ. ಐದು ವಾರ ಮೆಟ್ಟಿಲು ಹತ್ತಿ ಇಳಿದು ಸಹಿ ತಂದೆವು. ಮೂರನೇ ಮಹಡಿಯ ಟೈಲರ್ ಮಾವ, "ನಿನ್ನ ಚಿಕ್ಕಮ್ಮ ಗೆದ್ರೆ ಇಲ್ಲಿಗೆ ನೀರು ಏರುತ್ತಾ?" ಎಂದರು.

"ಅವಳು ಕೆಲಸದಲ್ಲಿದ್ದಾಗ ಏರ್ತಿರಲಿಲ್ವಾ ಮಾವ?"

"ಏರ್ತಿತ್ತು ಕಣಮ್ಮ. ಜೊತೆಗೆ ಅವಳ ಬೈಗುಳಾನೂ ಏರ್ತಿತ್ತು," ಎಂದು ನಗುತ್ತ ಸಹಿ ಹಾಕಿದರು.

ಅಷ್ಟು ಮನೆ ಸುತ್ತಿದ ಹಾಳೆಗಳ ಅಂಚು ಮುದುಡಿ ಹೋಗಿತ್ತು. ನಾನು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವವಳು. ಅಂಚು ಸವರದೆ ಒಂದು ಹಾಳೆಯನ್ನೂ ಹೊರಗೆ ಕಳಿಸಿ ಅಭ್ಯಾಸವಿಲ್ಲ. ಕಟ್ಟನ್ನು ತಟ್ಟಿ ಸಮ ಮಾಡಿ, ಯಂತ್ರಕ್ಕಿಟ್ಟು ಸವರಿಬಿಟ್ಟೆ. ನಿಮ್ಮ ಕಚೇರಿ ಹಾಳೆ ಹಾಳೆಗೂ ಹಾಕಿದ್ದ ಕ್ರಮಸಂಖ್ಯೆ ಆ ಅಂಚಿನಲ್ಲೇ, ಇರುವೆ ಸಾಲಿನಷ್ಟು ಸಣ್ಣಗೆ ಇತ್ತಂತೆ. ನನ್ನ ಕಣ್ಣಿಗೆ ಸುಕ್ಕು ಮಾತ್ರ ಬಿದ್ದಿತ್ತು.

ತಪ್ಪು ನನ್ನದು, ಒಪ್ಪಿದೆ. ಆದರೆ ಕಡೆಯ ದಿನಕ್ಕೆ ನಾಲ್ಕು ದಿನ ಮೊದಲೇ ತಂದುಕೊಟ್ಟೆವಲ್ಲ? ನಿಮ್ಮ ಗುಮಾಸ್ತರು ಕಟ್ಟಿನ ಮೇಲೆ ಕೈಯಾಡಿಸಿ, "ಎಷ್ಟು ನೀಟಾಗಿದೆಯಮ್ಮ! ಎಲ್ರೂ ಹೀಗೆ ಕೊಟ್ರೆ ನಮಗೆ ಕೆಲ್ಸಾನೇ ಇರಲ್ಲ" ಎಂದರು. ಇದ್ದಬದ್ದ ಧೈರ್ಯ ಕೂಡಿಸಿ ಕೇಳಿದೆ: "ಸಾರ್, ಎಲ್ಲಾ ಸರಿ ಇದೆಯಾ?" "ಸರಿ ಇದೆ, ಹೋಗಿ ಬನ್ನಿ." ಪಕ್ಕದಲ್ಲಿ ನಿಂತಿದ್ದ ನೀವು ತಲೆಯಾಡಿಸಿದಿರಿ. ನೆನಪಿದೆಯೇ? ನಾನು ಮರೆತಿಲ್ಲ, ಆ ನಾಲ್ಕು ದಿನ ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಆ ತಲೆಯನ್ನು ನಂಬಿ. ಅವಧಿ ಮುಗಿದ ಮರುದಿನ ಪತ್ರ ಬಂತು: ಕ್ರಮಸಂಖ್ಯೆ ಇಲ್ಲ, ತಿರಸ್ಕೃತ. ಕಸದ ಚೀಲ ಕೆದಕಿ, ಸಂಖ್ಯೆಯಿದ್ದ ಒಂದೊಂದು ಚೂರನ್ನೂ ಆರಿಸಿ ನಿಮ್ಮ ಮೇಜಿನ ಮೇಲಿಟ್ಟೆ. ನೀವು ಗಡಿಯಾರ ನೋಡಿದಿರಿ. ಅಂದರೆ ನಿಮ್ಮ ಕಚೇರಿಯ ಕಣ್ಣು ಅವಧಿ ಮುಗಿದ ಮೇಲೆಯೇ ತೆರೆಯುವುದೇ?

ಮನೆಗೆ ಬಂದು ಅತ್ತಾಗ ಚಿಕ್ಕಮ್ಮ ಅಂದಳು: "ಸುಮ್ನಿರೇ. ರಿಜೆಕ್ಟ್ ಆದ್ರೂ ಇಷ್ಟು ನೀಟಾಗಿ ಆಗಿದ್ದು ನಮ್ದೊಂದೇ." ನಗಿಸಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಕಳೆದ ವಾರ ಮತಪತ್ರದ ಕೆಲಸ ನಮ್ಮ ಮುದ್ರಣಾಲಯಕ್ಕೇ ಬಂತು. ಎರಡು ಹೆಸರು, ಎಂದಿನ ಅವೇ ಎರಡು ಮನೆತನ. ಕೆಳಗೆ ಗೇಣುದ್ದ ಖಾಲಿ. ಅದನ್ನು ಕತ್ತರಿಸಿ ತೆಗೆಯಬೇಕೆಂದು ನಿಮ್ಮ ಆದೇಶ. ಕತ್ತರಿಸಿದೆ. ಹೊಟ್ಟೆಪಾಡು.

ಕಾನೂನು ಮಾಡುವವರು ನಾವಲ್ಲ ಎನ್ನುತ್ತೀರಿ. ಶಿಫಾರಸು ಕಳಿಸುವವರು ನೀವೇ ಅಲ್ಲವೇ? ಹಾಗಾದರೆ ಕಳಿಸಿ. ಸಹಿಯ ನಿಯಮ ಎಲ್ಲರಿಗೂ ಒಂದೇ ಆಗಲಿ. ಅರ್ಜಿಯಲ್ಲಿ ತಪ್ಪು ಕಂಡರೆ ತಿದ್ದಲು ದಿನ ಇರುವಾಗಲೇ ಕಚೇರಿಯವರು ಹೇಳಲಿ. ಮತ್ತು ಮತದಾರರು ತಮಗೆ ಬೇಕಾದವರ ಹೆಸರು ಬರೆಯಲು ಮತಪತ್ರದ ಕೆಳಗೆ ಒಂದು ಖಾಲಿ ಸಾಲು ಬಿಡಲಿ. ಅದಕ್ಕೆ ಕಾಗದ ಸಾಲದು ಎಂದು ಮಾತ್ರ ಹೇಳಬೇಡಿ. ಈ ಪತ್ರ ಬರೆದಿರುವುದು ಆ ಗೇಣುದ್ದದ ತುಂಡುಗಳ ಮೇಲೆಯೇ. ಇನ್ನೂ ಹನ್ನೊಂದು ಚೀಲ ಉಳಿದಿವೆ.

ಇಂತಿ,
ತನ್ನ ಮತವನ್ನು ತಾನೇ ಕತ್ತರಿಸಿದ,
ಕಟಿಂಗ್ ಮೆಷಿನ್ ಹುಡುಗಿ

(ಈ ಪತ್ರದ ಅಂಚು ಸವರಿಲ್ಲ. ಪರಿಶೀಲಿಸಿಕೊಳ್ಳಿ.)