ಇಬ್ಬರು ರಾಜರು ಉಳಿದ ಮೇಲೆ

ಕುತಾಯಿಸಿ
ಭಾನುವಾರ

ನನ್ನ ಹಟಮಾರಿ ಎತೇರಿಗೆ,

ನಿನ್ನ ವಿಳಾಸವನ್ನು ತೀರ್ಪುಗಾರ ಒತಾರನಿಂದ ಕೇಳಿ ಪಡೆದೆ. ಜಡೆ ಹಾಕುತ್ತಿದ್ದ ಕಾಲದಿಂದ ಚೆಸ್ ಬೋರ್ಡಿಗೆ ಎದುರುಬದುರು ಕೂತವರು ನಾವು. ಒಂದು ವರ್ಷ ನೀನು ಗೆದ್ದರೆ ಮರುವರ್ಷ ನಾನು. ಆದರೂ ಜುಗ್ದಿದಿಯಲ್ಲಿ ನಿನ್ನ ಮನೆ ಯಾವ ಬೀದಿಯಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಕುದುರೆ ನಡೆಸುವ ಮುನ್ನ ನೀನು ಕಿವಿಯೋಲೆ ಮುಟ್ಟಿಕೊಳ್ಳುತ್ತೀ ಎಂಬುದು ಮಾತ್ರ ಗೊತ್ತು.

ಇದೇ ನಿನ್ನ ಕೊನೆಯ ಪಂದ್ಯಾವಳಿ ಎಂದು ನಿನ್ನೆ ಬೆಳಿಗ್ಗೆ ಒತಾರ್ ಹೇಳಿದ. ನನ್ನ ಯಜಮಾನ ವಾಝಾ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ. ನನ್ನ ತಲೆಯಲ್ಲಿ ಏನು ಓಡುತ್ತಿದೆಯೆಂದು ತಲೆ ಕೆಡಿಸಿಕೊಳ್ಳುವ ಜೀವ ಈ ಲೋಕದಲ್ಲಿ ನೀನೊಬ್ಬಳೇ, ಅದೂ ವರ್ಷಕ್ಕೊಮ್ಮೆ. ಆಟ ಮುಗಿದರೆ ನೀನು ಎದ್ದು ಹೋಗುತ್ತೀ. ಅದಕ್ಕೇ ಮುಗಿಸಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಮಧ್ಯಾಹ್ನದ ಹೊತ್ತಿಗೇ ನಿನಗೊಂದು ಒಂಟೆ, ನನಗೊಂದು ಒಂಟೆ, ನಾಲ್ಕಾರು ಕಾಲಾಳು ಉಳಿದಿದ್ದವು. ನಿನ್ನ ಒಂಟೆ ಕಪ್ಪು ಮನೆಗಳಲ್ಲಿ, ನನ್ನದು ಬಿಳಿ ಮನೆಗಳಲ್ಲಿ. ಯಾರಿಗೂ ಗೆಲುವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಡ್ರಾ ಮಾಡ್ಕೊಳ್ಳೋಣ್ವೇನೆ?" ಎಂದು ಕೇಳಿದೆ ನೀನು. ನಾನು ತಲೆಯಲ್ಲಾಡಿಸಿ ಒಂಟೆ ಸರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ನೀನು ಮತ್ತೆ ಕೇಳಿದೆ. ಬೆನ್ನ ಹಿಂದೆ ಯಾರೋ, "ಈ ಲಮಾರಜ್ಜಿಗೆ ಅರ್ಧ ಪಾಯಿಂಟ್ ಕೊಡೋಕೂ ಜಿಪುಣತನ ನೋಡ್ರೋ" ಎಂದು ನಕ್ಕರು. ನಕ್ಕರೆ ನಗಲಿ ಎಂದುಕೊಂಡೆ. ಜನ ಕರಗಿದರು. ಕೊನೆಗೆ ಕಾಲಾಳುಗಳೂ ಹೋಗಿ, ಒಂಟೆಗಳೂ ಹೋಗಿ, ಬರೀ ಇಬ್ಬರು ರಾಜರು ಉಳಿದಾಗ ಒತಾರ್ ಬಂದು ಗಡಿಯಾರ ನಿಲ್ಲಿಸಿದ.

ನೀನು ಕೈ ಕುಲುಕಿ, ಕೋಟು ಹಾಕಿಕೊಳ್ಳುತ್ತ ಅಂದೆ: "ಕೇಳ್ದಾಗ್ಲೇ ಒಪ್ಕೊಂಡಿದ್ರೆ ನಿನ್ ಗಂಟೇನು ಹೋಗ್ತಿತ್ತು, ಮಾರಾಯ್ತಿ? ಎದುರಿನ ಅಂಗಡೀಲಿ ಖಚಾಪುರಿ ತಿಂದು, ಒಂದ್ಸಲ ಆದ್ರೂ ಬಾಯ್ತುಂಬ ಮಾತಾಡೋಣ ಅಂತ ಬಂದಿದ್ದೆ ಕಣೇ. ಈಗ ನೋಡು, ಬಸ್ಸಿಗೆ ಹೊತ್ತಾಯ್ತು."

ನಾನು ಕಾಯಿಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆ. ನಿನ್ನೆದುರು ಬಾಯಿ ಬಿಗಿದು ಕೂತೇ ಅಭ್ಯಾಸವಾಗಿಬಿಟ್ಟಿದೆ. ಆಮೇಲೆ ಆ ಅಂಗಡಿಗೆ ಹೋಗಿ ಕೂತೆ. "ಇನ್ಯಾರಾದ್ರೂ ಬರ್ಬೇಕಾ ಅಜ್ಜಿ?" ಎಂದು ಬಡಿಸುವವಳು ಕೇಳಿದಳು. ಇಲ್ಲಮ್ಮ ಎಂದೆ. ಚೀಸ್ ತುಂಬಿದ ಆ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮುಂದಿನ ಶನಿವಾರ ಬೆಳಗಿನ ಬಸ್ಸಿಗೆ ನಿನ್ನೂರಿಗೆ ಬರುತ್ತೇನೆ. ಬೋರ್ಡು ತರುವುದಿಲ್ಲ. ಅದಿಲ್ಲದೆ ನಿನ್ನೆದುರು ಕೂತು ಏನು ಮಾತಾಡಬೇಕೋ ನಿಜವಾಗಿಯೂ ಗೊತ್ತಿಲ್ಲ ಎತೇರಿ, ಭಯವಾಗುತ್ತದೆ. ಮೊದಲ ಮಾತು ನೀನೇ ಆಡು.

ಅಲ್ಲಿಯವರೆಗೆ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಲಮಾರಾ