ಗಂಡ ಕೂಮನಾದ ಮೇಲೆ

ಜಾದರ್,
ಮಾತೆ ಮರಿಯಳ ಜನ್ಮದ ಹಬ್ಬದ ಮಾರನೆಯ ದಿನ, ೧೩೯೧

ನನ್ನ ಪ್ರಿಬೊ,

ಚೆನ್ನಾಗಿದ್ದೀಯಾ ಎಂದು ಕೇಳಬೇಕಾದದ್ದು ವಾಡಿಕೆ, ಕೇಳಿದ್ದೇನೆ. ಚೆನ್ನಾಗಿಲ್ಲ ಎಂದು ಗೊತ್ತಿದೆ. ಉಪ್ಪಿನ ದೋಣಿಯ ನಿಕೊಲನ ಹತ್ತಿರ ನೀನು ಹೇಳಿ ಕಳಿಸಿದ ಮಾತಿಗೆ ಇಷ್ಟು ದಿನ ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳಬೇಡ. ಅಣ್ಣನ ಮನೆಯಲ್ಲಿ ಒಂದು ಹಾಳೆ ಕೇಳಿದರೆ ಯಾರಿಗೆ, ಏತಕ್ಕೆ ಎಂಬ ಪ್ರಶ್ನೆ ಮೊದಲು ಬರುತ್ತದೆ. ನಿನ್ನೆ ಎಲ್ಲರೂ ಹಬ್ಬದ ಪೂಜೆಗೆ ಹೋಗಿದ್ದಾಗ ಅವನ ಮೇಜಿನಿಂದ ಕದ್ದೆ. ಸತ್ತ ಅಪ್ಪ ಮೇಲಿನಿಂದ ನೋಡಿ ಬೈದುಕೊಂಡಿರಬೇಕು. ಬರೆಯುವುದೇ ಕಸುಬಾಗಿದ್ದರೂ ಕಾಗದದ ವಿಷಯದಲ್ಲಿ ಅಪ್ಪ ಮಹಾ ಜಿಪುಣನಾಗಿದ್ದ.

ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಚಳಿಗಾಲದಲ್ಲಿ ಒಲೆಯ ಬೂದಿಯ ಮೇಲೆ ನಿನ್ನ ಬೆರಳು ಹಿಡಿದು ಕಲಿಸಿದ್ದನ್ನು ಮರೆತಿಲ್ಲ ತಾನೆ? ಎಡವಿದರೂ ಚಿಂತೆಯಿಲ್ಲ, ನೀನೇ ಓದು. ಪಾದ್ರಿ ಮಾರ್ತೀನರ ಹತ್ತಿರ ಮಾತ್ರ ಓದಿಸಬೇಡ.

ಇಲ್ಲಿ ನನಗೆ ಊಟಕ್ಕೆ ಕೊರತೆಯಿಲ್ಲ. ಯೂರೆ ಅಣ್ಣ ಒಳ್ಳೆಯವನು, ಅತ್ತಿಗೆ ಮಾರೆಯ ಕೈ ಧಾರಾಳ, ನಾಲಿಗೆ ಮಾತ್ರ ಕತ್ತರಿ. ಮೀನಿನ ಸಾರು ಬಡಿಸುತ್ತಲೇ, "ತಿನ್ನಮ್ಮಾ, ಚೆನ್ನಾಗಿ ತಿನ್ನು. ಸನ್ಯಾಸಿನಿಯರ ಮಠದಲ್ಲಿ ವಾರಕ್ಕೆ ಮೂರು ದಿನ ಬರೀ ಹುರುಳಿಯಂತೆ" ಎನ್ನುತ್ತಾಳೆ. ಹೌದು, ಮಠದ ಮಾತು ನಡೆದಿದೆ. ಗಂಡ ಬದುಕಿರುವಾಗಲೇ ಗಂಡನಿಲ್ಲದವಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಹೇಳು. ಬಾವಿಯ ಹತ್ತಿರ ಹೋದರೆ ಬೀದಿಯ ಹೆಂಗಸರು ಕೊಡ ಕೆಳಗಿಟ್ಟು ಕೇಳುತ್ತಾರೆ: "ಏನೇ ಸ್ತೋಶಿಯಾ, ನಿನ್ನ ಕೂಮ ಹೇಗಿದ್ದಾನೆ? ಉಪ್ಪುಗಿಪ್ಪು ಕಳಿಸಿದ್ನಾ?" ಮೊದಮೊದಲು ಅಳು ಬರುತ್ತಿತ್ತು. ಮೊನ್ನೆ ಒಬ್ಬಳಿಗೆ, "ನಿನ್ನ ಗಂಡ ಗಂಡನಾಗಿ ಇರೋದಕ್ಕಿಂತ ನನ್ನ ಕೂಮ ಕೂಮನಾಗೇ ವಾಸಿ ಬಿಡು" ಎಂದೆ. ಆಮೇಲೆ ಮನೆಗೆ ಬಂದು ಅತ್ತುಬಿಟ್ಟೆ.

ಆ ಪದವನ್ನು ನಾವು ಎಷ್ಟು ಪ್ರೀತಿಯಿಂದ ಬಳಸುತ್ತಿದ್ದೆವು. ಕೂಸಿಗೆ ಜ್ಞಾನಸ್ನಾನ ಮಾಡಿಸುವಾಗ ಎತ್ತಿಕೊಂಡವನು ಕೂಮ, ನೀರು ಹಾಕಿದವನೂ ಕೂಮನೇ. ತಾಯಿಗೆ ಅವನು ಒಡಹುಟ್ಟಿದವನಿಗಿಂತ ಒಂದು ತೂಕ ಹೆಚ್ಚು. ಹಬ್ಬಕ್ಕೆ ಮೊದಲ ರೊಟ್ಟಿ ಅವನಿಗೆ, ಕಷ್ಟಕ್ಕೆ ಮೊದಲ ಕರೆ ಅವನಿಗೆ. ಕೂಮನನ್ನು ಮದುವೆಯಾಗುವುದೆಂದರೆ ಅಣ್ಣನನ್ನು ಮದುವೆಯಾದಂತೆ ಎನ್ನುವುದು ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಆ ದಿನ ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.

ಆ ದಿನವನ್ನು ನಾನು ಬಿಚ್ಚಿ ಬಿಚ್ಚಿ ನೋಡುತ್ತಿರುತ್ತೇನೆ, ಎಲ್ಲಾದರೂ ಒಂದು ಸಂದು ಸಿಗುತ್ತದೆಯೇ ಎಂದು. ಬೆಟ್ಟದ ಕಡೆಯಿಂದ ಬುರಾ ಬಿರುಗಾಳಿ ಬೀಸಿ ಹಂಚು ಹಾರಿಸುತ್ತಿತ್ತು. ಹಳೆಯ ಪಾದ್ರಿ ಕಡಲಿನ ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದರು, ಯಾವ ದೋಣಿಯೂ ಹೊರಡುವಂತಿರಲಿಲ್ಲ. ಕೂಸು ಹೊರಗೆ ಬಂತು, ಅಳಲಿಲ್ಲ. ನನಗೆ ರಕ್ತ ನಿಲ್ಲುತ್ತಿರಲಿಲ್ಲ, ಸೂಲಗಿತ್ತಿ ದೊಬ್ರಿಲಾಳ ಎರಡೂ ಕೈ ನನ್ನೊಳಗಿದ್ದವು. ಅವಳು ಕೂಸಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ಮತ್ತೆ ನನ್ನ ಮೇಲೆ ಬಾಗಿ ಕಿರುಚಿದಳು: "ಪ್ರಿಬೊ! ಕೂಸು ನೀಲಿ ಆಯ್ತಾ ಐತೆ ಕಣೋ! ನೀರು ಹಾಕೋ, ಹೆಸರು ಹೇಳೋ, ಬ್ಯಾಗ!" ನೀನು ಅಡುಗೆಯ ಬೋಗುಣಿಯಿಂದ ಬೊಗಸೆಯಲ್ಲಿ ನೀರು ತೆಗೆದೆ. ಶಿಮೆ ಎಂದೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದೆ. ಹೆದರಿಕೆಯಲ್ಲಿ ಆಮೆನ್ ಎರಡು ಸಲ ಹೇಳಿದೆ. ನಾನು ಕೇಳಿಸಿಕೊಂಡೆ, ಪ್ರಿಬೊ. ನಮ್ಮ ಶಿಮೆಯ ಬಾಯಿ ಒಮ್ಮೆ ತೆರೆದು ಮುಚ್ಚಿದ್ದನ್ನೂ ಕಂಡೆ. ಇನ್ನೊಬ್ಬರು ಯಾರಾದರೂ ಆ ಮನೆಯಲ್ಲಿ ಇದ್ದಿದ್ದರೆ! ಪಕ್ಕದ ಮನೆಯ ಕುಡುಕ ಸ್ತಾನೆಯಾದರೂ ಸಾಕಿತ್ತು. ಕುಡುಕ ಹಾಕಿದರೂ ನೀರು ನೀರೇ ಅಂತೆ. ಹೆತ್ತ ಅಪ್ಪ ಹಾಕಬಾರದಂತೆ.

ಹಳೆಯ ಪಾದ್ರಿ ಬಂದ ಮೇಲೆ ಏನೂ ಕೇಳದೆ ಕೂಸನ್ನು ಚರ್ಚಿನ ಅಂಗಳದ ಗೋಡೆಯ ಒಳಗೆ ಮಣ್ಣು ಮಾಡಿಸಿದರು. ನಾವು ನಮ್ಮ ಪಾಡಿಗೆ ಇದ್ದೆವು, ಮತ್ತೆ ಗಂಡಹೆಂಡಿರಂತೆ ಬದುಕತೊಡಗಿದ್ದೆವು. ಈ ಹೊಸ ಪಾದ್ರಿ ಮಾರ್ತೀನ್ ಬಂದು ಸಂತ ಪೇತ್ರನ ಹಬ್ಬದ ಊಟಕ್ಕೆ ನಿನ್ನ ಪಕ್ಕ ಕೂರದೆ ಹೋಗಿದ್ದರೆ ಇಂದಿಗೂ ಹಾಗೆಯೇ ಇರುತ್ತಿದ್ದೆವು. ನೀನು ದ್ರಾಕ್ಷಾರಸದ ಬಟ್ಟಲು ಹಿಡಿದು ಕಣ್ಣು ತುಂಬಿಕೊಂಡು, "ನನ್ನ ಮಗನಿಗೆ ನನ್ನ ಕೈಯಿಂದ್ಲೇ ನೀರು ಹಾಕ್ದೆ ಸ್ವಾಮಿ, ಅಷ್ಟಾದ್ರೂ ಮಾಡ್ದೆ" ಎಂದೆ. ಅವರು ತುತ್ತು ಕೆಳಗಿಟ್ಟರು. "ಏನಂದೆ? ಹಾಗಾದ್ರೆ ನೀನು ನಿನ್ನ ಹೆಂಡತಿಗೆ ಕೂಮ ಆದೆಯಲ್ಲಪ್ಪ!" ಸುತ್ತಲಿದ್ದವರು ಹಾಸ್ಯವೆಂದುಕೊಂಡು ನಕ್ಕರು. ನಾನೂ ನಕ್ಕೆ. ಇನ್ನು ನಾವು ಒಂದೇ ಸೂರಿನಡಿ ಇರಬಾರದೆಂದು ಆ ವಾರವೇ ನನ್ನನ್ನು ಜಾದರಿನ ದೋಣಿ ಹತ್ತಿಸಿದರು.

ಈಗ ನಿನ್ನ ಮಾತಿಗೆ ಬರುತ್ತೇನೆ. ನಿಕೊಲ ಅಂಗಳದಲ್ಲಿ ನಿಂತು, ಟೋಪಿ ತೆಗೆದು, ಪಾಠ ಒಪ್ಪಿಸುವವನಂತೆ ಹೇಳಿದ: "ಸಂತ ಮಿಖಾಯೇಲನ ಹಬ್ಬ ಆದ್ಮೇಲೆ ಬಿಷಪ್ಪರ ಕಡೆಯೋರು ವಿಚಾರಣೆಗೆ ಬತ್ತಾರಂತೆ ಕಣಕ್ಕಾ. ನೀರು ಹಾಕ್ಲೇ ಇಲ್ಲ, ಕುಡಿದು ಬಡಾಯಿ ಕೊಚ್ಚಿದ್ದೆ ಅಂತ ಪ್ರಿಬೊ ಆಣೆ ಮಾಡ್ತಾನಂತೆ. ನೀನು ಗಂಟುಮೂಟೆ ಕಟ್ಕೊಂಡು ತಯಾರಾಗಿರು ಅಂದವ್ನೆ." ದೊಬ್ರಿಲಾ ಆಗಲೇ ಸಾಕ್ಷಿ ಹೇಳಿದ್ದಾಳಂತೆ: ಹಾಕು ಎಂದದ್ದು ನಿಜ, ತನ್ನ ಕೈ ಬಿಡುವಿರಲಿಲ್ಲ, ಹಾಕಿದ್ದನ್ನು ಕಣ್ಣಾರೆ ನೋಡಲಿಲ್ಲ ಎಂದು. ನನ್ನನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಎಲ್ಲವೂ ನಿನ್ನೊಬ್ಬನ ಬಾಯಲ್ಲಿದೆ.

ನಿಜ ಹೇಳುತ್ತೇನೆ, ಕೇಳಿ ಕುಣಿಯುವಂತಾಯಿತು. ಗಂಟು ಕಟ್ಟಿದೆ. ಅಣ್ಣನೂ ಮೆಚ್ಚಿದ: "ದಡ್ಡ ಅಂದ್ಕೊಂಡಿದ್ದೆ, ಪರವಾಗಿಲ್ಲವೇ ನಿನ್ನ ಗಂಡ! ಒಂದೇ ಮಾತು, ಮುಗೀತು." ಸುಳ್ಳು ಆಣೆಯ ಪಾಪವನ್ನು ಅರ್ಧ ನಾನೂ ಹೊತ್ತುಕೊಳ್ಳುತ್ತೇನೆ ಎಂದು ಲೆಕ್ಕ ಹಾಕಿದೆ. ನರಕಕ್ಕೆ ಹೋದರೂ ಜತೆಗೆ ಹೋಗುತ್ತೇವಲ್ಲ!

ಆದರೂ ಮನಸ್ಸು ತಡೆಯದೆ, ಬೀದಿಯ ಕೊನೆಯ ಮಠದಲ್ಲಿರುವ ಫ್ರಾ ದಾಮ್ಯಾನ್ ಎಂಬ ಮುದಿ ಸನ್ಯಾಸಿಯನ್ನು ಕೇಳಲು ಹೋದೆ. ಅಪ್ಪನ ಗೆಳೆಯ, ಕಾನೂನು ಓದಿದವರು. "ಪ್ರಾಣ ಹೋಗ್ತಿರುವಾಗ ಅಪ್ಪ ನೀರು ಹಾಕಿದ್ರೆ ತಪ್ಪಲ್ಲ, ಮದುವೆ ಮುರಿಯಬಾರದು ಅಂತ ಬರೆದವರೂ ಇದ್ದಾರೆ ತಾಯಿ. ನಾನೂ ಹಾಗೇ ಅನ್ನೋನು. ಆದ್ರೆ ನಿಮ್ಮ ಪಾದ್ರಿ ಒಪ್ಪಲ್ಲ, ವಿಚಾರಣೆಗೆ ಬರೋರೂ ಅವರ ಕಡೆಯೋರೇ. ರೋಮಿಗೆ ಬರೆದರೆ, ಉತ್ತರ ಬರೋ ಹೊತ್ತಿಗೆ ನಿಮ್ಮಿಬ್ಬರ ಹಲ್ಲೂ ಉದುರಿರುತ್ತೆ. ಈಗ ಪೋಪರು ಒಬ್ಬರಾ? ಅಲ್ಲೊಬ್ಬರು, ಬೇರೆ ದೇಶದಲ್ಲೊಬ್ಬರು. ಯಾರನ್ನ ಕೇಳೋದು ಅಂತಲೇ ಜಗಳ" ಎಂದರು. ನಾನು ನಿನ್ನ ಉಪಾಯ ಹೇಳಿದೆ. ಅವರು ಕೇಳಿದರು: "ನಿನ್ನ ಗಂಡ ಹಾಕ್ಲಿಲ್ಲ, ಸೂಲಗಿತ್ತಿ ಹಾಕ್ಲಿಲ್ಲ. ಹಾಗಾದ್ರೆ ಮಗುವಿಗೆ ನೀರು ಬೀಳಲೇ ಇಲ್ಲ. ನೀರು ಬೀಳದ ಮಗು ಗೋಡೆಯ ಒಳಗೆ ಹೇಗಿರುತ್ತೆ?"

"ತೆಗೀತಾರಾ?" ಎಂದೆ.

"ತೆಗೆಸ್ತಾರೆ, ತಾಯಿ."

ಇದು ನಿನಗೆ ಹೊಳೆದಿರಲಿಲ್ಲ, ಅಲ್ಲವೇ? ನನ್ನ ಪ್ರಿಬೊ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನಗೆ ನಾನು ಮನೆಗೆ ಬಂದರೆ ಸಾಕು, ಅದರಾಚೆ ನೀನು ನೋಡುವವನಲ್ಲ. ನಾನೂ ನೋಡಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ: ಗುದ್ದಲಿ ಹಿಡಿದು ಅವನ ಮೇಲಿನ ಕಲ್ಲು ಸರಿಸುವವರು, ಸುತ್ತ ನಿಂತು ನೋಡುವ ಊರು. ಆಮೇಲೆ ಗೋಡೆಯಾಚೆಯ ಆ ಕೊರಕಲು. ಕಡಲು ತಂದು ಹಾಕಿದ ಗುರುತಿಲ್ಲದ ಹೆಣಗಳು, ನೇಣು ಹಾಕಿಕೊಂಡವರು, ನಾಯಿಗಳು ಕೆದರುವ ಮಣ್ಣು. ಅಲ್ಲಿಗೆ ಯಾರೂ ದೀಪ ಒಯ್ಯುವುದಿಲ್ಲ, ಸತ್ತವರ ಹಬ್ಬದ ದಿನ ಅಲ್ಲಿಯವರ ಹೆಸರನ್ನು ಯಾರೂ ಕೂಗುವುದಿಲ್ಲ. ಹೆಸರೇ ಇರುವುದಿಲ್ಲವಲ್ಲ. ನೀನು ಹೆದರಿ ಹೆದರಿ ಇಟ್ಟ ಆ ಒಂದು ಹೆಸರನ್ನು ನೀನೇ ಕಿತ್ತುಕೊಂಡಂತಾಗುತ್ತದೆ. ಆಣೆ ಮಾಡಿ ನನ್ನನ್ನು ಕರೆದುಕೊಂಡು ಹೋಗುತ್ತೀಯೆ ಎಂದಿಟ್ಟುಕೋ. ಚರ್ಚಿಗೆ ಹೋಗುವ ದಾರಿ ಆ ಕೊರಕಲಿನ ಮೇಲೆಯೇ ಹಾದುಹೋಗುತ್ತದೆ. ಪ್ರತಿ ಭಾನುವಾರ ನಾವು ಅಲ್ಲಿ ಹೇಗೆ ನಡೆಯುತ್ತೇವೆ? ಒಬ್ಬರ ಮುಖ ಒಬ್ಬರು ಹೇಗೆ ನೋಡುತ್ತೇವೆ?

ದೇವರ ಜತೆ ದಿನವೂ ಜಗಳವಾಡುತ್ತಿದ್ದೇನೆ. ಇದ್ದೊಬ್ಬ ಮಗನನ್ನು ಕಿತ್ತುಕೊಂಡೆ, ಅವನನ್ನು ನಿನ್ನ ಹೆಸರಿಗೆ ಒಪ್ಪಿಸಿದ ಕೈಯನ್ನೂ ನನ್ನಿಂದ ಕಿತ್ತುಕೊಳ್ಳುತ್ತೀಯಾ, ಇದು ಯಾವ ನ್ಯಾಯ ಎಂದು ಕೇಳುತ್ತೇನೆ. ಅತ್ತಿಗೆ, "ಮೆತ್ತಗೆ ಪ್ರಾರ್ಥನೆ ಮಾಡೇ, ಪಕ್ಕದ ಮನೆಗೆ ಕೇಳುತ್ತೆ" ಎನ್ನುತ್ತಾಳೆ.

ಆದ್ದರಿಂದ ನಿನ್ನ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ, ನಿಜವನ್ನೇ ಹೇಳು. ಹಾಕಿದೆ ಎನ್ನು. ಗಟ್ಟಿಯಾಗಿ ಹೇಳು, ಆಮೆನ್ ಎರಡು ಸಲ ಅಂದೆನೆಂದೂ ಹೇಳು. ಹಾಗೆಂದರೆ ನಾನು ಆ ಮನೆಗೆ ಬರುವುದಿಲ್ಲ, ಗೊತ್ತು. ನಿನ್ನ ಬೆನ್ನಿನ ಉಪ್ಪು ತೊಳೆಯುವವರು ಯಾರೂ ಇರುವುದಿಲ್ಲ, ನಿನ್ನ ಗೊರಕೆಗೆ ಬೈಯುವವರೂ ಇರುವುದಿಲ್ಲ. ನನಗೆ ನೀನು ಬೇಕು, ಪ್ರಿಬೊ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಎಷ್ಟು ಬೇಕೆಂದರೆ, ಈ ಕಾಗದವನ್ನು ನಿಕೊಲನ ಕೈಗೆ ಕೊಟ್ಟ ಮೇಲೆ ಅವನ ಹಿಂದೆ ಓಡಿ ಕಿತ್ತುಕೊಂಡುಬಿಡುತ್ತೇನೋ ಎಂದು ಭಯವಾಗುತ್ತದೆ. ಅದಕ್ಕೇ ದೋಣಿ ಹೊರಡುವ ಹೊತ್ತಿಗೆ ಸರಿಯಾಗಿ ಕೊಡುತ್ತೇನೆ.

ಅಂಗಿಯ ತೋಳು ಹರಿದಿತ್ತು, ದೊಬ್ರಿಲಾಳ ಹತ್ತಿರ ಹೊಲಿಸಿಕೋ. ಅವಳನ್ನು ಬೈಯಬೇಡ, ನನ್ನ ಪ್ರಾಣ ಉಳಿಸಿದವಳು. ಬಿಸಿಲಲ್ಲಿ ತಲೆಗೆ ಬಟ್ಟೆಯಿಲ್ಲದೆ ಉಪ್ಪು ಎಳೆಯಬೇಡ. ಸತ್ತವರ ಹಬ್ಬಕ್ಕೆ ಶಿಮೆಯ ಹತ್ತಿರ ನನ್ನದೂ ಒಂದು ದೀಪ ಹಚ್ಚು. ಮಾತೆ ಮರಿಯಳ ಸೆರಗು ನಿನ್ನ ಮೇಲಿರಲಿ, ಗಾಳಿ ನಿನಗೆ ಮೆತ್ತಗೆ ಬೀಸಲಿ, ನನ್ನ ಪಾಲಿನ ಸುಖವೆಲ್ಲ ನಿನಗೇ ಸಿಗಲಿ.

ಅವರು ಏನೆಂದು ಬರೆದುಕೊಂಡರೂ ನಿನ್ನ ಹೆಂಡತಿಯೇ ಆಗಿರುವ,
ಸ್ತೋಶಿಯಾ

ಮರೆತ ಮಾತು: ಮರೆತದ್ದಲ್ಲ. ಬರೆಯಬಾರದೆಂದುಕೊಂಡಿದ್ದೆ, ಆಗುತ್ತಿಲ್ಲ. ನಾನು ಮತ್ತೆ ಬಸುರಿ. ದೋಣಿ ಹತ್ತುವಾಗ ನನಗೇ ಗೊತ್ತಿರಲಿಲ್ಲ. ಇಲ್ಲಿ ಇನ್ನೂ ಯಾರಿಗೂ ತಿಳಿಯದು. ಬೇರೆ ಯಾರದೋ ವಿಷಯವೆಂಬಂತೆ ಫ್ರಾ ದಾಮ್ಯಾನರನ್ನು ಕೇಳಿದೆ: ಅಂಥ ಇಬ್ಬರಿಗೆ ಆಮೇಲೆ ಹುಟ್ಟಿದ ಮಗುವಿನ ಗತಿಯೇನು? ಅವರು ನನ್ನ ಮುಖ ನೋಡಲಿಲ್ಲ. "ಇಲ್ಲಿಯೋರು ಅಣ್ಣತಂಗಿಗೆ ಹುಟ್ಟಿದ್ದು ಅಂತಲೇ ಲೆಕ್ಕ ಹಿಡೀತಾರೆ, ತಾಯಿ. ಅಪ್ಪನ ಹೆಸರು ಸಿಗಲ್ಲ" ಎಂದರು. ನೀನು ಸುಳ್ಳು ಹೇಳಿದರೆ ಇದಕ್ಕೆ ಅಪ್ಪ ಸಿಗುತ್ತಾನೆ, ಮನೆ ಸಿಗುತ್ತದೆ. ಇದನ್ನು ಹೇಳಿದರೆ ನೀನು ಖಂಡಿತ ಸುಳ್ಳು ಹೇಳುತ್ತೀಯೆ ಎಂದೇ ಮುಚ್ಚಿಟ್ಟಿದ್ದೆ. ಈಗ ತಿಳಿದೂ ನಿಜವನ್ನೇ ಹೇಳು. ಬೀದಿಯವರು ಇದನ್ನು ಏನೆಂದಾದರೂ ಕರೆಯಲಿ, ಎತ್ತಿಕೊಳ್ಳಲು ನನ್ನ ಎರಡು ಕೈಯಿವೆ. ಗೋಡೆಯಾಚೆ ಹಾಕಿದರೆ ಶಿಮೆಯನ್ನು ಮಾತ್ರ ನಾನು ಎತ್ತಿಕೊಳ್ಳಲಾರೆ. ಈ ಸಲ ಹತ್ತಿರ ಯಾರೂ ಇಲ್ಲದಿದ್ದರೆ ನೀರು ನಾನೇ ಹಾಕುತ್ತೇನೆ. ನಮ್ಮನ್ನು ಅಗಲಿಸಲು ಇನ್ನೇನು ಉಳಿದಿದೆ?