ಒಣಗದ ನೀಲಿ

ತೊಣ್ಣೂರು
ಸೋಮವಾರ, ಬೆಳಿಗ್ಗೆ

ಜವರಪ್ಪನವರೇ, ನಮಸ್ಕಾರ.

ನಿಮ್ಮ ಫೋನು ಸಿಗುತ್ತಿಲ್ಲ. ಡೈರಿಗೆ ಹಾಲು ಹಾಕಲು ಹೊರಟ ಶಂಕರನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ನಿಮ್ಮ ತಾಯಿಯವರನ್ನು ಇವತ್ತು ಹಸುವಿನ ಹುಲ್ಲಿಗೆಂದು ನಾನಿರುವ ತೋಟದ ಮನೆಗೆ ಕಳಿಸಬೇಡಿ.

ಹೋದ ವಾರ ಅವರೇ ಬಂದು, ‘ನಿನ್ ಬಣ್ಣದ ವಾಸ್ನೆಗೆ ಅಸ ಉಲ್ಲು ಮುಟ್ಟಾಕಿಲ್ಲ ಕಣವ್ವ, ಇತ್ಲು ಬಾಗ್ಲು ತಗ್ದಿಡು’ ಎಂದಿದ್ದರು. ಅಂದಿನಿಂದ ತೆರೆದೇ ಇಡುತ್ತಿದ್ದೆ. ಬಂಡೆಯ ಮೇಲೆ ಚಿರತೆ ಕೂತಿರುವ ಕೆರೆಯ ದೊಡ್ಡ ಚಿತ್ರ ಹುಲ್ಲಿನ ಕೋಣೆಯ ಪಕ್ಕ ಗೋಡೆಗೆ ಒರಗಿತ್ತು. ಎಣ್ಣೆ ಬಣ್ಣ ಬೇಗ ಒಣಗುವುದಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಕೆರೆಯ ನೀಲಿಗೆ ಯಾವುದೋ ಮೈ ಉಜ್ಜಿಕೊಂಡು ಹೋಗಿದೆ, ನನ್ನ ಮೊಣಕಾಲಿನ ಎತ್ತರದಲ್ಲಿ. ಬಣ್ಣಕ್ಕೆ ಗಿಡ್ಡನೆಯ ಹಳದಿ ಕೂದಲು ಅಂಟಿವೆ. ನಿಮ್ಮ ನಾಯಿಯದಲ್ಲ, ಅದು ಕಪ್ಪು, ಶುಕ್ರವಾರದಿಂದ ಕಂಡೂ ಇಲ್ಲ. ಅದೇ ನೀಲಿ ಹುಲ್ಲಿನ ಕೋಣೆಯ ಬಾಗಿಲಿಗೂ ಮೆತ್ತಿದೆ.

ಮೊನ್ನೆ ರಾತ್ರಿ ಕಬ್ಬಿನ ಗದ್ದೆಯಲ್ಲಿ ಕೇಳಿದ ಸದ್ದಿನ ಬಗ್ಗೆ ಹೇಳಿದಾಗ ನೀವು, ‘ನೀವೇ ಬರ್ದಿರೋ ಚಿರ್ತೆಗೆ ನೀವೇ ಎದ್ರುಕೊಂಡ್ರೆ ಎಂಗೆ ಮೇಡಂ?’ ಎಂದು ನಕ್ಕಿರಿ.

ಅದು ಇನ್ನೂ ಹುಲ್ಲಿನ ಕೋಣೆಯಲ್ಲೇ ಇರಬಹುದೆಂದು ಮನೆಯ ಮುಂದಿನ, ಹಿತ್ತಿಲಿನ ಎರಡೂ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಪಂಪ್‌ಸೆಟ್ ಬಳಿ ಕೂತಿದ್ದೇನೆ. ಅರಣ್ಯ ಇಲಾಖೆಯವರು ಬೋನು ತರುತ್ತಾರಂತೆ. ಜನ ಸೇರದಂತೆ ನೋಡಿಕೊಳ್ಳಿ.

ಈಗ ಕಣ್ಣಿಗೆ ಬಿತ್ತು: ನಿಮ್ಮ ತಾಯಿಯವರು ಹೊರೆ ಕಟ್ಟುವ ಹಗ್ಗ ಹಿತ್ತಿಲ ಮೆಟ್ಟಿಲ ಮೇಲಿದೆ. ನಿನ್ನೆ ಬಿಟ್ಟು ಹೋಗಿರಬೇಕು. ಕೂಗಿದೆ, ಒಳಗಿನಿಂದ ಸದ್ದಿಲ್ಲ. ಅವರು ನಿಮ್ಮ ಮನೆಯಲ್ಲಿದ್ದಾರೆ ಎಂದಷ್ಟೇ ಶಂಕರನ ಹತ್ತಿರ ಹೇಳಿ ಕಳಿಸಿ.

ನಿಮ್ಮ ಬಾಡಿಗೆಯವಳು,
ಅರ್ಪಿತ